ಕರೆದರೆ ಬಾರದ ಕೆಂಚನ ಬಗ್ಗೆ, ನಿನಗೆ

ದೋಸ್ತಾ,

ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿದ್ದೆ. ಉಳಿದರ್ಧ ಇಲ್ಲಿದೆ. ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಮನೆಗೆ ನಾಯಿಮರಿ ತಂದವರೆಲ್ಲ ಒಂದಲ್ಲ ಒಂದು ದಿನ ಇದನ್ನೇ ಕೇಳುತ್ತಾರೆ: 'ಹೇಳಿದ್ದು ಕೇಳದಿದ್ದಾಗ ಬರೋ ಸಿಟ್ಟನ್ನ ಏನು ಮಾಡೋದು?'

ನಿನ್ನ ಮರಿಯೂ ಮುಧೋಳ, ನನ್ನ ನಾಯಿ ಕೆಂಚನೂ ಮುಧೋಳ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಾಗ ನೀನು ಅದನ್ನು ಪರ್ಸಿನಲ್ಲಿಟ್ಟುಕೊಂಡು 'ನಮ್ಮ ಕಡೆ ನಾಯಿ ನೋಡ್ರಿ' ಅಂತ ಊರೆಲ್ಲ ತೋರಿಸಿದ್ದೆ. ಆ ಹೆಮ್ಮೆ ಇರಲಿ. ಆದರೆ ಆ ತೆಳುವಾದ ಸೊಂಟ, ಉದ್ದ ಕಾಲು ಎಲ್ಲ ಯಾಕೆ ಹಾಗಿವೆ ಎಂದೂ ಯೋಚಿಸಬೇಕು. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲ ಅಲುಗಿದರೆ ಸಾಕು, ಹಾರಿ ಓಡುತ್ತದೆ. ಯಜಮಾನ ಎಲ್ಲೋ ಹಿಂದೆ ಉಳಿದಿರುತ್ತಾನೆ. ಎಲ್ಲಿ ತಿರುಗಬೇಕು, ಎಲ್ಲಿ ಜಿಗಿಯಬೇಕು ಎಂಬುದನ್ನು ಅದು ತಾನೇ ತೀರ್ಮಾನಿಸಬೇಕು. ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ್ದೇ ಈ ಗುಣಕ್ಕೆ. ಅಂಥ ನಾಯಿಯನ್ನು ಮೈಸೂರಿನ ಬಡಾವಣೆಯೊಂದರ ಖಾಲಿ ಸೈಟಿಗೆ ಕರೆತಂದಿದ್ದೇನೆ. ಪೊದೆಯಿಂದ ಮುಂಗುಸಿ ಓಡುತ್ತದೆ. ನಾನು 'ಕೆಂಚಾ, ಬಾ' ಎನ್ನುತ್ತೇನೆ. ಅವನು ತಿರುಗಿಯೂ ನೋಡುವುದಿಲ್ಲ. ಉದ್ದನೆಯ ಹಗ್ಗ ಅಂಗೈಯಲ್ಲಿ ಸರಸರ ಜಾರುತ್ತದೆ.

ಆಗ ಬರುವ ಸಿಟ್ಟು ಸಣ್ಣದಲ್ಲ. ಕಿವಿ ಬಿಸಿಯಾಗುತ್ತದೆ, ದನಿ ಏರುತ್ತದೆ. ಯಾರಾದರೂ ಗೇಟಿನ ಹತ್ತಿರ ನಿಂತು ನೋಡುತ್ತಿದ್ದರೆ ಇನ್ನೂ ಜಾಸ್ತಿ. 'ನಾಲ್ಕು ಬಿಡಿ ಸಾರ್, ತಾನಾಗೇ ಕೇಳುತ್ತೆ' ಎನ್ನುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ನಿನ್ನ ಬೀದಿಯಲ್ಲೂ ಇರುತ್ತಾರೆ. ದಯವಿಟ್ಟು ಕೇಳಬೇಡ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಗದರಿಸಿ, ಚೈನು ಜಗ್ಗಿ ಕಲಿಸುವ ಕಡೆ ಕಲಿತ ನಾಯಿಗಳ ಜೊಲ್ಲಿನಲ್ಲಿ ಪಾಠದ ನಂತರ ಕಾರ್ಟಿಸಾಲ್ ಜಾಸ್ತಿಯಾಗಿತ್ತು. ಮನಸ್ಸಿಗೆ ಒತ್ತಡವಾದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಮಾತು. ಒಳಗೆ ತಿಂಡಿ ಇದೆಯೋ ಇಲ್ಲವೋ ಗೊತ್ತಾಗದ ಜಾಗದಲ್ಲಿ ಬಟ್ಟಲಿಟ್ಟರೆ, ಹೆಚ್ಚು ಗದರಿಸಿಕೊಂಡ ನಾಯಿಗಳು ಅದರ ಕಡೆ ನಿಧಾನವಾಗಿ ಹೋದವು. ಒಳ್ಳೆಯದು ಸಿಗುತ್ತದೆ ಎಂಬ ಆಸೆಯೇ ಅವುಗಳಲ್ಲಿ ಕಡಿಮೆಯಾಗಿತ್ತು.

ಮುಧೋಳ ನಾಯಿಯಂತೂ ಬಲು ಸೂಕ್ಷ್ಮ. ನಿನಗೆ ಸಿಟ್ಟು ಬಂದಿದೆ ಎಂದು ನಿನಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ. ದನಿ ಸ್ವಲ್ಪ ಗಟ್ಟಿಯಾದರೆ ಕೆಂಚ ಮುಖ ಆ ಕಡೆ ತಿರುಗಿಸುತ್ತಾನೆ. ತುಟಿ ನೆಕ್ಕುತ್ತಾನೆ. ಆಕಳಿಸುತ್ತಾನೆ. ಏನೂ ಇಲ್ಲದ ನೆಲವನ್ನು ಮೂಸುತ್ತಾ ನಿಲ್ಲುತ್ತಾನೆ. ನೋಡುವವರಿಗೆ ಎಂಥ ಕೊಬ್ಬು ಅನ್ನಿಸುತ್ತದೆ. ಅವನು ಹೇಳುತ್ತಿರುವುದು, 'ನನಗೆ ಕಷ್ಟವಾಗುತ್ತಿದೆ, ಸ್ವಲ್ಪ ಬಿಡು' ಎಂದು. ಇದನ್ನು ಓದಲು ಬಂದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಮಾತು ಕೇಳದವನ ಮೇಲೆ ರೇಗಬಹುದು. ಹೆದರಿದವನ ಮೇಲೆ ರೇಗಲು ಮನಸ್ಸು ಬರುವುದಿಲ್ಲ, ಅಲ್ವಾ?

ತಾಳ್ಮೆ ಜಾಸ್ತಿ ಬೇಕಾಗುವ ಜಾಗ ಇನ್ನೊಂದಿದೆ. ಊಟದ ಹೊತ್ತಿಗೆ ಮರಿ ಬೊಗಳುತ್ತದೆ ಅಂದೆಯಲ್ಲ. ರೊಟ್ಟಿ ಕೊಡುವುದನ್ನು ನಿಲ್ಲಿಸಿದರೆ ಬೊಗಳುವುದು ಮೊದಲು ಜೋರಾಗುತ್ತದೆ. ಇಷ್ಟು ದಿನ ಸಿಗುತ್ತಿದ್ದದ್ದು ಈಗ ಸಿಗುತ್ತಿಲ್ಲ, ಇನ್ನಷ್ಟು ಜೋರಾಗಿ ಕೇಳೋಣ ಎಂಬುದು ಅದರ ಲೆಕ್ಕ. ಮನೆಯವರ ತಾಳ್ಮೆ ಕೆಡುವುದು ಸರಿಯಾಗಿ ಅಲ್ಲೇ. 'ತಗೋ, ಹಾಳಾಗಿ ಹೋಗು' ಎಂದು ಒಂದು ತುಂಡು ಎಸೆಯುತ್ತಾರೆ. ಜೋರಾಗಿ ಬೊಗಳಿದರೆ ಮಾತ್ರ ಸಿಗುತ್ತದೆ ಎಂದು ಮರಿ ಕಲಿಯುತ್ತದೆ. ಆ ಕೆಲವು ದಿನ ಕಿವಿ ಮುಚ್ಚಿಕೊಂಡಾದರೂ ದಾಟಿಬಿಡು. ಸುಮ್ಮನೆ ಕೂತ ಕ್ಷಣಕ್ಕೇ ಕೊಡು. ತಡಮಾಡಿದರೆ ಯಾವುದಕ್ಕೆ ಸಿಕ್ಕಿತು ಎಂದು ಅದಕ್ಕೆ ತಿಳಿಯುವುದಿಲ್ಲ.

ಇನ್ನು ಸಿಟ್ಟು ಬಂದೇಬಿಟ್ಟರೆ ನಾನು ಪಾಠ ಮುಗಿಸುತ್ತೇನೆ. ಅವನಿಗೆ ಚೆನ್ನಾಗಿ ಗೊತ್ತಿರುವ ಒಂದನ್ನು ಕೇಳುತ್ತೇನೆ. ಕೂತ್ಕೋ ಎಂದರೆ ಕೂರುತ್ತಾನೆ. ಬೇಯಿಸಿದ ಕೋಳಿ ಲಿವರಿನ ಚೂರು ಕೊಟ್ಟು ಮನೆಗೆ ಕರೆತರುತ್ತೇನೆ. ಆಫೀಸಿನಿಂದ ತಲೆಕೆಟ್ಟು ಬಂದ ದಿನ ಶುರು ಮಾಡುವುದೇ ಇಲ್ಲ. ಬರೀ ವಾಕಿಂಗ್. ಸ್ವೀಡನ್‌ನವರು 2019ರಲ್ಲಿ ನಾಯಿಗಳ ಕೂದಲನ್ನೂ ಅವುಗಳ ಒಡತಿಯರ ಕೂದಲನ್ನೂ ಪರೀಕ್ಷಿಸಿ, ಇಬ್ಬರಲ್ಲೂ ದೀರ್ಘಕಾಲದ ಒತ್ತಡ ಒಟ್ಟಿಗೇ ಏರಿಳಿಯುವುದನ್ನು ಕಂಡರು. ನಮ್ಮ ದಿನದ ಭಾರವನ್ನು ಅವೂ ಹೊರುತ್ತವೆ. ಅಷ್ಟು ನೆನಪಿದ್ದರೆ ಹಗ್ಗ ಹಿಡಿದ ಕೈ ತಾನಾಗೇ ಸಡಿಲವಾಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾಗಿ ನಾನು ನಂಬಿರುವ ನಿಯಮ ಒಂದೇ. ಕರೆದಾಗ ಬಾರದೆ, ತನ್ನ ಪಾಡಿಗೆ ಸುತ್ತಾಡಿ, ತುಂಬಾ ಹೊತ್ತಾದ ಮೇಲೆ ಬಂದ ನಾಯಿಯನ್ನು ಬಯ್ಯಬಾರದು. ಓಡಿಹೋಗಿದ್ದಕ್ಕೆ ಬಯ್ಯುತ್ತಿದ್ದೇನೆ ಎಂದು ನಾವು ಅಂದುಕೊಳ್ಳುತ್ತೇವೆ. ನಾಯಿಗೆ ತಿಳಿಯುವುದು ಬೇರೆ: ಹತ್ತಿರ ಹೋದೆ, ಬೈಗುಳ ಬಿತ್ತು. ಮುಂದಿನ ಸಲ ಅದು ಇನ್ನೂ ದೂರ ನಿಲ್ಲುತ್ತದೆ. ಎಷ್ಟೇ ತಡವಾಗಿ ಬಂದರೂ, ಬಂದಿದ್ದಕ್ಕೆ ಸಂತೋಷಪಡಬೇಕು. ಅದು ನಟನೆ ಆಗಬಾರದು. ನಟನೆ ಅವಕ್ಕೆ ಗೊತ್ತಾಗುತ್ತದೆ.

ಇದನ್ನು ಬರೆಯುವಾಗ ಕೈ ನಿಂತಿತು. ನಿನ್ನನ್ನು ನಾಯಿಗೆ ಹೋಲಿಸುತ್ತಿದ್ದೇನೆ ಅಂದುಕೋಬೇಡ. ನೀನು ಯಾರ ಫೋನೂ ಎತ್ತದ ಆ ದಿನಗಳಲ್ಲಿ ನಿನಗೇನಾಗಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಅದು ನಿನ್ನದು. ನನಗೇನಾಗಿತ್ತು ಎಂದು ಹೇಳುತ್ತೇನೆ. ಮೆಸೇಜ್ ಹಾಕುತ್ತಿದ್ದೆ, ಎರಡು ನೀಲಿ ಗೆರೆ ಬೀಳುತ್ತಿತ್ತು, ಅಷ್ಟೇ. ಸಂಜೆ ಸೈಟಿಗೆ ಹೋಗಿ ಕೆಂಚನನ್ನು ಕರೆಯುತ್ತಿದ್ದೆ. ಅವನೂ ತಿರುಗುತ್ತಿರಲಿಲ್ಲ. ಮುಂಗುಸಿ ಹಿಂದೆ ಓಡಿದ ನಾಯಿಯ ಮೇಲೆ ಯಾರಿಗಾದರೂ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬರುತ್ತದಾ? ನನಗೆ ಬರುತ್ತಿತ್ತು. ಆ ಸಿಟ್ಟು ಅವನ ಮೇಲಿನದಾಗಿರಲಿಲ್ಲ, ದೋಸ್ತಾ. ಕರೆದ ತಕ್ಷಣ ಯಾರಾದರೂ ಒಬ್ಬರು ತಿರುಗಿ ನೋಡಲಿ ಎನ್ನುವಷ್ಟು ಒಂಟಿಯಾಗಿದ್ದೆ. ಮನೆ ತುಂಬ ಜನ ಇದ್ದರು. ಆದರೂ.

ಮೊನ್ನೆ ನಿನ್ನ ಫೋನ್ ಬಂದಾಗ 'ಇಷ್ಟು ದಿನ ಎಲ್ಲಿದ್ದೆ' ಎಂಬುದು ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. 'ಊಟ ಆಯ್ತಾ' ಅಂದೆ. ನೀನು 'ಮರಿ ತಂದೀನಿ' ಅಂದೆ. ಆಮೇಲೆ ಮರಿಯ ಕಿವಿ, ಮರಿಯ ಹೊಟ್ಟೆ, ಮರಿಯ ಹಟ. ಎಷ್ಟು ಸಂತೋಷವಾಗಿತ್ತು ಎಂದು ನಿನಗೆ ಹೇಳಲೇ ಇಲ್ಲ. ಈಗ ಹೇಳಿದ್ದೇನೆ.

ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ. ಓದುತ್ತಿರುವ ಉಳಿದವರು ಕ್ಷಮಿಸಲಿ. ಮರಿಯ ವಿಷಯಕ್ಕೆ ಬರುತ್ತೇನೆ.

ಹನ್ನೆರಡು, ಹದಿನಾಲ್ಕು ವಾರದವರೆಗೆ ಅದರ ಮನಸ್ಸು ಎಲ್ಲದಕ್ಕೂ ತೆರೆದಿರುತ್ತದೆ. ಲಸಿಕೆ ಮುಗಿದಿಲ್ಲವಾದರೆ ಎತ್ತಿಕೊಂಡೇ ತಿರುಗಾಡಿಸು. ಟ್ರ್ಯಾಕ್ಟರ್, ಎತ್ತು, ಸಂತೆ, ಕುಕ್ಕರಿನ ಸೀಟಿ, ಶಾಲೆ ಬಿಟ್ಟ ಮಕ್ಕಳು, ಎಲ್ಲ ತೋರಿಸು. ಅಡುಗೆಮನೆಯಲ್ಲಿ ಕೂರಲು ಕಲಿತ ಮರಿ ಬೀದಿಯಲ್ಲಿ ಕೂರದಿದ್ದರೆ ಬೇಜಾರಾಗಬೇಡ. ಅದಕ್ಕೆ ಅದು ಹೊಸ ಪಾಠ. ಅಲ್ಲೂ ಮೊದಲಿನಿಂದ ಕಲಿಸು.

ಎಂಟನೇ ತಿಂಗಳಿಗೆ ಮನಸ್ಸು ಗಟ್ಟಿ ಮಾಡಿಕೋ. ಕಲಿತದ್ದೆಲ್ಲ ಮರೆತ ಹಾಗೆ ಆಡುತ್ತದೆ. ಇಂಗ್ಲೆಂಡಿನ ಸಂಶೋಧಕರು ಕುರುಡರಿಗೆ ದಾರಿ ತೋರಿಸಲು ಬೆಳೆಸುವ ನಾಯಿಗಳಲ್ಲಿ ಇದನ್ನು ನೋಡಿ 2020ರಲ್ಲಿ ಬರೆದರು. ಸಾಕುತ್ತಿರುವವರು 'ಸಿಟ್' ಎಂದರೆ ಎಂಟು ತಿಂಗಳ ನಾಯಿ ಐದು ತಿಂಗಳಲ್ಲಿದ್ದಷ್ಟು ಕೇಳುವುದಿಲ್ಲ. ಹೊರಗಿನವರು ಹೇಳಿದರೆ ಕೇಳುತ್ತದೆ! ವರ್ಷ ತುಂಬುವ ಹೊತ್ತಿಗೆ ಮತ್ತೆ ದಾರಿಗೆ ಬರುತ್ತದೆ.

ಕೆಂಚನಿಗೆ ಈಗ ಅದೇ ವಯಸ್ಸು. ಹಾಗಾಗಿ ನಿನ್ನಿಂದ ಒಂದು ಕೆಲಸ ಆಗಬೇಕು. 'ಬಾ' ಎಂಬ ಪಾಠ ಇಬ್ಬರಿದ್ದರೆ ಚೆನ್ನಾಗಿ ಕೂರುತ್ತದೆ. ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು ನಿಂತು ಸರದಿಯಂತೆ ಕರೆಯಬೇಕು. ಬಂದಾಗಲೆಲ್ಲ ತಿಂಡಿ ಕೊಟ್ಟು ಮೈ ಸವರಬೇಕು. ಆ ತುದಿಗೆ ನನಗೆ ಜನ ಬೇಕಾಗಿದ್ದಾರೆ. ರಜೆ ಹಾಕಿ ಬಾ. ಲಿವರ್ ನಾನು ಬೇಯಿಸಿಡುತ್ತೇನೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ. ಸೈಟಿನ ತುಂಬ ಮುಳ್ಳಿದೆ.