ಜೀವಕೋಶ ಸಕ್ಕರೆ ಹೀರಿದರೆ ಮಧುಮೇಹ ಗುಣವಾದಂತಲ್ಲ

ಮಾನ್ಯ ಸಂಪಾದಕರೇ,

‘ಮಧುಮೇಹಕ್ಕೆ ಮದ್ದು ಸಿಕ್ಕಿತು’ ಎಂಬ ತಲೆಬರಹದ ಗಿಡಮೂಲಿಕೆ ಸುದ್ದಿಗಳಲ್ಲಿ ಪ್ರಯೋಗ ಯಾವುದರ ಮೇಲೆ ನಡೆಯಿತು ಎಂಬುದೇ ಎಷ್ಟೋ ಸಲ ಇರುವುದಿಲ್ಲ. ಪುಣೆಯಲ್ಲಿ ಇನ್ಸುಲಿನ್ ಸಂಕೇತ ಮಾರ್ಗದ (ಇನ್ಸುಲಿನ್ನಿನ ಸಂದೇಶ ಕೋಶದೊಳಗೆ ಸಾಗುವ ದಾರಿ) ಬಗ್ಗೆ ಪೋಸ್ಟ್‌ಡಾಕ್ಟರಲ್ ಸಂಶೋಧನೆ ನಡೆಸುತ್ತಿರುವ ಕನ್ನಡಿಗರಾದ ನಮ್ಮ ಕೋರಿಕೆ ಇಷ್ಟೇ: ಯಾವ ಜೀವಕೋಶ, ಎಷ್ಟು ಪ್ರಮಾಣ, ಸಾರ ತೆಗೆದದ್ದು ಯಾವ ದ್ರಾವಕದಲ್ಲಿ ಎಂಬುದನ್ನು ಸುದ್ದಿಯಲ್ಲೇ ತಿಳಿಸಿ.

ಇಂಥ ಪ್ರಯೋಗಗಳು ಹೆಚ್ಚಾಗಿ ನಡೆಯುವುದು ಇಲಿಯ ಸ್ನಾಯುವಿನ ಎಲ್6 ಕೋಶಗಳಲ್ಲಿ ಅಥವಾ ಸುಂಡಿಲಿಯ 3ಟಿ3-ಎಲ್1 ಕೋಶಗಳಲ್ಲಿ. ಎರಡನೆಯದು ತಾನಾಗಿ ಕೊಬ್ಬುಕೋಶವಾಗುವುದಿಲ್ಲ. ಕೋಶಗಳು ಬೆಳೆದು ತಟ್ಟೆ ತುಂಬಿ ಎರಡು ದಿನವಾದ ಮೇಲೆ ಐಬಿಎಂಎಕ್ಸ್, ಡೆಕ್ಸಾಮೆಥಾಸೋನ್ ಎಂಬ ರಾಸಾಯನಿಕಗಳನ್ನೂ ಇನ್ಸುಲಿನ್ನನ್ನೂ ಕೊಟ್ಟು 8–10 ದಿನ ಕಾಯಬೇಕು. ಅದಕ್ಕೂ ಮೊದಲು, ಕೋಶಗಳ ಸಂಖ್ಯೆ ಹೆಚ್ಚಿಸುವ ಹಂತದಲ್ಲೇ, ತಟ್ಟೆ ತುಂಬಲು ಬಿಟ್ಟ ಕೋಶಗಳು ಮುಂದೆ ಸರಿಯಾಗಿ ಕೊಬ್ಬು ಕಟ್ಟುವುದಿಲ್ಲ. ಕೋಶ ಬೆಳೆಸುವ ಪೋಷಕ ದ್ರವದಲ್ಲಿ ಗ್ಲೂಕೋಸ್ ಸಾಮಾನ್ಯವಾಗಿ 25 ಮಿಲಿಮೋಲಾರ್, ಅಂದರೆ ಡೆಸಿಲೀಟರಿಗೆ 450 ಮಿ.ಗ್ರಾಂ. ಮನುಷ್ಯರಲ್ಲಿ ಖಾಲಿ ಹೊಟ್ಟೆಯಲ್ಲಿ ಅದು 126 ಮಿ.ಗ್ರಾಂ ಮುಟ್ಟಿದರೇ ಮಧುಮೇಹದ ಲೆಕ್ಕ. ಹಾಕುವ ಇನ್ಸುಲಿನ್ ಬಹಳ ಸಲ 100 ನ್ಯಾನೊಮೋಲಾರ್. ಆರೋಗ್ಯವಂತರ ರಕ್ತದಲ್ಲಿ ಖಾಲಿ ಹೊಟ್ಟೆಯಲ್ಲಿ ಇರುವುದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಮಾರ್ಗ ಕೆಲಸ ಮಾಡುತ್ತದೆಯೇ ಎಂದು ನೋಡಲು ಇದು ಸರಿ. ರೋಗಿಗೆ ಡೋಸ್ ಹೇಳಲು ಇದು ಆಧಾರವಾಗದು.

ಗಿಡದ ಸಾರ ಹಾಕಿದ ಮೇಲೆ ಕೋಶ ಹೆಚ್ಚು ಗ್ಲೂಕೋಸ್ ಹೀರಿತು ಎಂದಿಟ್ಟುಕೊಳ್ಳಿ. ಅದು ಇನ್ಸುಲಿನ್ ಮಾರ್ಗದಿಂದಲೇ ಎನ್ನಲಾಗದು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಕ್ಕೆ ಪೆಟ್ಟು ಬಿದ್ದಾಗಲೂ ಕೋಶ ಶಕ್ತಿಯ ಕೊರತೆ ನೀಗಿಸಲು ಹಾಗೆಯೇ ಮಾಡುತ್ತದೆ. ಮರದರಿಶಿನದಲ್ಲಿರುವ ಬರ್ಬೆರಿನ್ ಎಂಬ ರಾಸಾಯನಿಕ ಇದಕ್ಕೆ ಉದಾಹರಣೆ. ನಿಜವಾಗಿ ಇನ್ಸುಲಿನ್ ಮಾರ್ಗವೇ ಚುರುಕಾಗಿದ್ದರೆ ಆ ಮಾರ್ಗದ ಎಕೆಟಿ ಪ್ರೋಟೀನಿನ ಸೆರೀನ್ 473 ಎಂಬ ಜಾಗದಲ್ಲಿ ಫಾಸ್ಫೇಟ್ ಹೆಚ್ಚಬೇಕು, ಗ್ಲೂಕೋಸನ್ನು ಒಳಗೆ ಸಾಗಿಸುವ ಗ್ಲುಟ್4 ಪ್ರೋಟೀನ್ ಕೋಶದ ಹೊರಪೊರೆಗೆ ಬರಬೇಕು, ವರ್ಟ್‌ಮ್ಯಾನಿನ್ ಎಂಬ ರಾಸಾಯನಿಕ ಹಾಕಿ ಅದೇ ಮಾರ್ಗದ ಪಿಐ3-ಕೈನೇಸ್ ಕಿಣ್ವ ತಡೆದಾಗ ಎರಡೂ ನಿಲ್ಲಬೇಕು. ಈ ಅಳತೆಯೂ ನಾಜೂಕಿನದು. ಅಳೆಯಲು ಕೋಶ ಒಡೆಯುವಾಗ ಐಸ್ ಮೇಲಿಟ್ಟು, ಫಾಸ್ಫೇಟ್ ಕಳಚುವ ಕಿಣ್ವಗಳನ್ನು ತಡೆಯುವ ಸೋಡಿಯಂ ಆರ್ಥೊವನಡೇಟ್, ಸೋಡಿಯಂ ಫ್ಲೋರೈಡ್ ಬೆರೆಸದಿದ್ದರೆ ಫಾಸ್ಫೇಟ್ ಕಳಚಿಹೋಗಿ ಏನೂ ಕಾಣುವುದಿಲ್ಲ. ಸಾರದ ಬಣ್ಣವೇ ಫ್ಲೋರೊಸೆಂಟ್ (ತಾನೇ ಹೊಳೆಯುವಂಥದ್ದು) ಆಗಿದ್ದರೆ, ಹೊಳೆಯುವ ಗ್ಲೂಕೋಸ್‌ನಂಥ ವಸ್ತುವಿನಿಂದ ಹೀರಿಕೆ ಅಳೆಯುವ 2-ಎನ್‌ಬಿಡಿಜಿ ಪರೀಕ್ಷೆ ಹುಸಿ ಫಲಿತಾಂಶ ಕೊಡುತ್ತದೆ.

ಪ್ರಮಾಣದ ಮಾತು ಇನ್ನೂ ಮುಖ್ಯ. ಮಿ.ಲೀ.ಗೆ 100 ಮೈಕ್ರೊಗ್ರಾಂ ಸಾರ ಎಂದರೆ ಐದು ಲೀಟರ್ ರಕ್ತದಲ್ಲಿ ಏಕಕಾಲಕ್ಕೆ 500 ಮಿ.ಗ್ರಾಂ ಇರಬೇಕು. ಕರುಳು, ಯಕೃತ್ತು ದಾಟಿ ಅಷ್ಟು ಉಳಿಯುವುದಿಲ್ಲ. ಅದೂ ಮೆಥನಾಲಿನಲ್ಲಿ ತೆಗೆದ ಸಾರವಾಗಿದ್ದರೆ ಮನೆಯಲ್ಲಿ ನೀರಲ್ಲಿ ಕುದಿಸಿದ ಕಷಾಯಕ್ಕೂ ಅದಕ್ಕೂ ಸಂಬಂಧವೇ ಕಡಿಮೆ.

ದೇಹದ ಕಥೆ ತಟ್ಟೆಯಲ್ಲಿಲ್ಲ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತೋರಿಸಿದಂತೆ ತಮ್ಮಿಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಒಂದೇ, 22.3, ಮೈಯ ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2. ಸಣಕಲು ಮೈಯೊಳಗೂ ಬೊಜ್ಜಿರಬಹುದು. ಹೆಚ್ಚಿದ ಕೊಬ್ಬಿನಿಂದ ಬರುವ ಟಿಎನ್‌ಎಫ್-ಆಲ್ಫಾದಂಥ ಉರಿಯೂತದ ಸಂಕೇತಗಳು ಇನ್ಸುಲಿನ್ ಮಾರ್ಗದ ಆರಂಭದಲ್ಲಿರುವ ಐಆರ್‌ಎಸ್-1 ಪ್ರೋಟೀನಿನ ಸೆರೀನ್ ಜಾಗಗಳಲ್ಲಿ ಫಾಸ್ಫೇಟ್ ಕೂರಿಸಿ ಇನ್ಸುಲಿನ್ನಿನ ಸಂದೇಶ ಮುಂದೆ ಸಾಗದಂತೆ ಮಾಡುತ್ತವೆ.

ಸುದ್ದಿ ಓದಿ ಯಾರೂ ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ ನಿಲ್ಲಿಸಬಾರದು. ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ತಪ್ಪಿದರೆ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿ, ಕೀಟೊಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚುವ ಸ್ಥಿತಿ) ಆಗಿ ಜೀವಕ್ಕೇ ಅಪಾಯ. ‘ಇದು ಇಲಿಯ ಕೋಶಗಳಲ್ಲಿ ಮಾತ್ರ ನಡೆದ ಪ್ರಯೋಗ, ನಿಮ್ಮ ಔಷಧ ಬದಲಿಸಬೇಡಿ’ ಎಂಬ ಸಾಲು ಸುದ್ದಿಯ ಮೊದಲ ಪ್ಯಾರಾದಲ್ಲೇ ಬರಲಿ.

— ಕನ್ನಡಿಗ ಸಂಶೋಧಕರು, ಪಾಷಾಣ್, ಪುಣೆ