ಗಾಡಿ ತಣ್ಣಗಿರುವಾಗಲೇ ನೋಡು

ಕೋಥ್ರೂಡ್, ಪುಣೆ

ಚಿ. ಪುಟ್ಟಿಗೆ ಕಾಕಾನ ಆಶೀರ್ವಾದಗಳು.

ಬೆಳಿಗ್ಗೆ ನಿನ್ನ ಆಟೊಮ್ಯಾಟಿಕ್ ಕಾರಿನ ಗೇರ್ ಡಿ ಗೆ (ಮುಂದಕ್ಕೆ) ಹಾಕಿದರೆ ಗಾಡಿ ಮೂರು-ನಾಲ್ಕು ಸೆಕೆಂಡು ಸುಮ್ಮನೆ ನಿಂತು, ಆಮೇಲೆ ಧಡ್ ಅಂತ ಹಿಡಿಯುತ್ತದೆ, ಹಿಂಜೆವಾಡಿ ಮುಟ್ಟುವಷ್ಟರಲ್ಲಿ ಏನೂ ಇರುವುದಿಲ್ಲ ಎಂದು ಬರೆದಿದ್ದೀ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸೋಣ ಅಂದರೆ ಈಗಲೇ ಹೂಂ ಅನ್ನಬೇಡ. ಮಧ್ಯಾಹ್ನ ಬಿಸಿ ಗಾಡಿ ಓಡಿಸಿ ನೋಡಿದವರಿಗೆ ಬೆಳಗಿನ ರೋಗ ಸಿಗುವುದಿಲ್ಲ.

ನಿನ್ನದು ಟಾರ್ಕ್ ಕನ್ವರ್ಟರ್ ಗಾಡಿ, ಅಂದರೆ ಎಂಜಿನ್ನಿನ ಶಕ್ತಿ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟುವಂಥದ್ದು. ಅದರಲ್ಲಿ ಕ್ಲಚ್ ಹಿಡಿಯುವುದು ಆಯಿಲ್ ಒತ್ತಡದಿಂದ. ಪುಣೆಯ ಪಾಷಾಣ್ ಬಡಾವಣೆ ಕಡೆ ಜನವರಿಯಲ್ಲಿ ರಾತ್ರಿ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಬಯಲಲ್ಲಿ ನಿಂತ ಗಾಡಿಯ ಆಯಿಲ್ ಮಂದವಾಗುತ್ತದೆ. ಆಗ ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) 1,200 ಆರ್‌ಪಿಎಂ ದಾಟುವುದು, ಗೇರ್ ತಡವಾಗಿ ಏರುವುದು, ಮೊದಲ ಕೆಲವು ಕಿಲೋಮೀಟರ್ ಲಾಕಪ್ (ಕನ್ವರ್ಟರ್ ಎಂಜಿನ್ ಜೊತೆ ನೇರ ಬೆಸೆಯುವುದು) ಆಗದಿರುವುದು ಎಲ್ಲ ಸಹಜ. ಒಂದೂವರೆ ಸೆಕೆಂಡಿನೊಳಗೆ ಗೇರ್ ಹಿಡಿಯದಿದ್ದರೆ ಮಾತ್ರ ಅನುಮಾನ.

ಹೀಗೆ ಮಾಡು. ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿ ನೋಡು, 12.4 ವೋಲ್ಟಿಗಿಂತ ಕಡಿಮೆ ಇದ್ದರೆ ಮೊದಲು ಅದನ್ನು ಸರಿಮಾಡು, ವೋಲ್ಟೇಜ್ ಬಿದ್ದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಸುಳ್ಳು ದೋಷದ ಕೋಡ್ ಹಾಕುತ್ತದೆ. ಗೇರ್‌ಬಾಕ್ಸ್ ಆಯಿಲ್ ತಾಪಮಾನ ತೋರಿಸುವ ಸ್ಕ್ಯಾನರ್ ಸಿಕ್ಕರೆ ಹಚ್ಚಿ, ಕೂಲಂಟ್, ಒಳಬರುವ ಗಾಳಿ, ಆಯಿಲ್ ಮೂರನ್ನೂ ಓದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮೂರೂ ಹೆಚ್ಚು ಕಡಿಮೆ ಒಂದೇ ಇರಬೇಕು. ಆಯಿಲ್ ಮಾತ್ರ ಮೈನಸ್ 40 ತೋರಿಸಿದರೆ ಸೆನ್ಸರಿನ ವೈರು ಅಥವಾ ಕನೆಕ್ಟರ್ ತುಂಡಾಗಿದೆ ಅಂತ ತಿಳಿ, ಗೇರ್‌ಬಾಕ್ಸಿನ ತಪ್ಪಲ್ಲ.

ಆಮೇಲೆ ಸ್ಟಾರ್ಟ್ ಮಾಡು, ಐಡಲ್ ಇಳಿಯಲಿ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು ಡಿ ಗೆ ಹಾಕು, ಮೊಬೈಲಿನಲ್ಲಿ ಮೀಟರ್ ವಿಡಿಯೋ ಆಗುತ್ತಿರಲಿ. ಹಿಡಿದ ಮೇಲೆ ಎನ್ (ನ್ಯೂಟ್ರಲ್), ಕೂಡಲೇ ಮತ್ತೆ ಡಿ. ಇಲ್ಲೇ ಗುಟ್ಟು ಇದೆ. ಎರಡನೇ ಸಲ ತಟ್ಟನೆ ಹಿಡಿದರೆ ರಾತ್ರಿ ಕನ್ವರ್ಟರಿನ ಆಯಿಲ್ ಇಳಿದುಹೋಗುತ್ತಿದೆ ಅಂತ. ಪ್ರತಿ ಸಲವೂ ತಡವಾದರೆ ಆಯಿಲ್ ಕಡಿಮೆ ಇರಬೇಕು, ಇಲ್ಲವೇ ಕ್ಲಚ್ ಪಿಸ್ಟನ್ನಿನ ರಬ್ಬರ್ ಸೀಲ್ ಗಟ್ಟಿಯಾಗಿ, ಬಿಸಿಯಾಗುವವರೆಗೂ ಒತ್ತಡ ಸೋರುತ್ತಿರಬೇಕು. ಆರ್ (ರಿವರ್ಸ್) ಗೂ ಹೀಗೇ ಮಾಡು: ಎರಡರಲ್ಲಿ ಒಂದು ಮಾತ್ರ ತಡವಾದರೆ ಅದರ ಕ್ಲಚ್ಚಿನ ಸೀಲು, ಎರಡೂ ತಡವಾದರೆ ಆಯಿಲ್ ಮಟ್ಟ, ಫಿಲ್ಟರ್, ಪಂಪು.

ಹಿಡಿಯಲಿಲ್ಲ ಅಂತ ಆಕ್ಸಿಲರೇಟರ್ ಒತ್ತಲೇಬೇಡ. 2,500 ಆರ್‌ಪಿಎಂನಲ್ಲಿ ಧಡ್ ಅಂತ ಕೂಡಿದ ಕ್ಲಚ್ ಪ್ಲೇಟು ಸುಡುತ್ತದೆ, ಸಣ್ಣ ಖರ್ಚಿನ ರೋಗ ದೊಡ್ಡದಾಗುತ್ತದೆ.

ಈಚೆಗೆ ಆಯಿಲ್ ಬದಲಿಸಿದ್ದರೆ ನನಗೆ ಮೊದಲ ಅನುಮಾನ ಅದರ ಮೇಲೇ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇಲ್ಲದ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗ, ಕಂಪನಿ ಹೇಳಿದ ತಾಪಮಾನದಲ್ಲಿ, ಎಷ್ಟೋ ಗಾಡಿಗಳಿಗೆ ಅದು 40 ಡಿಗ್ರಿ ಆಸುಪಾಸು, ಗೇರ್‌ಬಾಕ್ಸಿನ ಲೆವಲ್ ಬೋಲ್ಟ್ ಬಿಚ್ಚಿ ಆಯಿಲ್ ಮಟ್ಟ ನೋಡಬೇಕು. ಊರೆಲ್ಲ ಓಡಿಸಿ ಬಂದು 80 ಡಿಗ್ರಿಯಲ್ಲಿ ಬಿಚ್ಚಿದರೆ ಹಿಗ್ಗಿದ ಆಯಿಲ್ ಧಾರೆಯಾಗಿ ಸುರಿಯುತ್ತದೆ, ಹೆಚ್ಚಿತ್ತು ಅಂತ ಬಿಟ್ಟುಬಿಡುತ್ತಾರೆ. ಮರುದಿನ ಬೆಳಿಗ್ಗೆ ಉಳಿದ ಆಯಿಲ್ ಕುಗ್ಗಿ, ಫಿಲ್ಟರ್ ಗಾಳಿ ಎಳೆಯುತ್ತದೆ, ಕೊಂಯ್ ಅನ್ನುವ ಸದ್ದೂ ಬರುತ್ತದೆ.

ಒಂದು ಹನಿ ಬಿಳಿ ಟಿಶ್ಯೂ ಮೇಲೆ ಬಿಡಿಸಿ ನೋಡು. ಸುಟ್ಟ ವಾಸನೆಯ ಕರಿ ಕಂದು ಅಂದರೆ ಪ್ಲೇಟು ಸವೆದಿವೆ. ಗುಲಾಬಿ ಮಜ್ಜಿಗೆಯಂತೆ ಕಂಡರೆ ನೀರು ಸೇರಿದೆ, ಗಾಡಿ ಮತ್ತೆ ಓಡಿಸಬೇಡ; ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಿದ್ದರೆ ಅದನ್ನೂ ಮೆಕ್ಯಾನಿಕ್‌ಗೆ ಹೇಳು. ಹೊಸದು ಹಾಕಿಸುವಾಗ ಮ್ಯಾನುವಲ್‌ನಲ್ಲಿ ಬರೆದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಮಾತ್ರ, ಸಿವಿಟಿ (ಬೆಲ್ಟಿನ ಗೇರ್‌ಬಾಕ್ಸ್) ಆಯಿಲ್ ಅಲ್ಲ. ಆಯಿಲಿಗೆ ಬೆರೆಸುವ ಬಾಟಲಿ ಔಷಧ ಯಾವುದೂ ಬೇಡ.

ವಿಡಿಯೋ ಕೈಯಲ್ಲಿ ಹಿಡಿದು ಹೋಗು. ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಿಗ್ಗೆ ನೀನು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಬಾರದು ಅಂತ ಜಾಬ್ ಕಾರ್ಡಿನ ಮೇಲೆ ಬರೆಸು.

ನಿನ್ನ ಕಾಕಾ