ದಾದರ್ ಸೇತುವೆ ಹತ್ತಿಸಿದವರಿಗೆ ನಮಸ್ಕಾರ

ಕಳೆದ ವಾರ ದಾದರ್ ನಿಲ್ದಾಣದ ಪಾದಚಾರಿ ಸೇತುವೆಯನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದೆ. ಇದಕ್ಕೆ ಕಾರಣರಾದವರಿಗೆ ಎಲ್ಲರೆದುರೇ ಕೃತಜ್ಞತೆ ಹೇಳಬೇಕು.

ಮೊದಲ ನಮಸ್ಕಾರ ಡೊಂಬಿವಲಿಯ ನಮ್ಮ ಬೀದಿಯ ಔಷಧಿ ಅಂಗಡಿಯ ಹುಡುಗನಿಗೆ. ಮಳೆಗಾಲದಲ್ಲಿ ನನಗೆ ಎದೆಯ ಸೋಂಕಾಗಿತ್ತು. ವಯಸ್ಸು ಅರವತ್ತು ದಾಟಿದೆ, ಉಬ್ಬಸಕ್ಕೆ ಸ್ಟೆರಾಯ್ಡ್ ಮಾತ್ರೆ ನಡೆಯುತ್ತಿತ್ತು; ಜೊತೆಗೆ ಸೋಂಕಿಗೆಂದು ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ಸೇರಿತು. ಜ್ವರ ಇಳಿಯಿತು, ಆದರೆ ಎರಡೂ ಹಿಮ್ಮಡಿಗಳ ಹಿಂದೆ ನೋವು ಹಿಡಿಯಿತು. ವಾಯು ಎಂದರು, ವಯಸ್ಸು ಎಂದರು. ಮುಲಾಮು ಕೇಳಲು ಹೋದಾಗ ಅವನೊಬ್ಬನೇ, "ಮಾವಶಿ, ಸದ್ಯ ಯಾವ ಮಾತ್ರೆ ನುಂಗುತ್ತಿದ್ದೀರಿ?" ಎಂದು ಕೇಳಿದ. ಹೆಸರು ಕೇಳಿದ್ದೇ ಮುಲಾಮು ಕೊಡಲಿಲ್ಲ, ಮುಂದಿನ ಮಾತ್ರೆಗೆ ಮೊದಲು ಡಾಕ್ಟರರಿಗೆ ಫೋನು ಮಾಡಿ ಎಂದು ಅಲ್ಲೇ ನಿಲ್ಲಿಸಿಕೊಂಡ.

ಡಾಕ್ಟರಮ್ಮ ನನ್ನ ಮಾತನ್ನು ತಳ್ಳಿಹಾಕದೆ ಔಷಧಿಯನ್ನೇ ಬದಲಿಸಿದರು. ಸಿಪ್ರೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಎಲ್ಲವೂ ಲಿವೊಫ್ಲಾಕ್ಸಾಸಿನ್‌ನ ಕುಲದವೇ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಇವುಗಳಿಂದ ಕೆಲವರಲ್ಲಿ ಊದಿಕೊಳ್ಳುತ್ತದೆ, ಹರಿಯಲೂಬಹುದು. ಹೆಚ್ಚಾಗಿ ಪೆಟ್ಟು ಬೀಳುವುದು ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ರಜ್ಜುವಿಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಮಾಹಿತಿಪತ್ರದಲ್ಲಿ ಚೌಕಟ್ಟಿನ ಎಚ್ಚರಿಕೆ, ಅಂದರೆ ಎಲ್ಲಕ್ಕಿಂತ ಗಂಭೀರವಾದ ಎಚ್ಚರಿಕೆ, ಹಾಕಿಸಿತು. ಅರವತ್ತು ದಾಟಿದವರು, ಸ್ಟೆರಾಯ್ಡ್ ತೆಗೆದುಕೊಳ್ಳುವವರು, ಮೂತ್ರಪಿಂಡ, ಹೃದಯ ಅಥವಾ ಶ್ವಾಸಕೋಶದ ಕಸಿಯಾದವರು ಹೆಚ್ಚು ಅಪಾಯದಲ್ಲಿರುತ್ತಾರೆ. ನಾನು ಮೊದಲೆರಡೂ ಆಗಿದ್ದೆ! ನೋವು ಎರಡೇ ದಿನದಲ್ಲಿ ಬರಬಹುದು, ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಕೆಲವು ಗಂಭೀರ ಸೋಂಕುಗಳಿಗೆ ಇದೇ ಔಷಧಿ ಬೇಕಾಗುತ್ತದೆ ಎಂಬುದನ್ನೂ ಅವರು ಬಿಡಿಸಿ ಹೇಳಿದರು; ಆ ನ್ಯಾಯಬುದ್ಧಿ ನನಗೆ ಬಹಳ ಹಿಡಿಸಿತು.

ಫಿಸಿಯೊಥೆರಪಿಯ ತಾಯಿಗೆ ಏನು ಹೇಳಲಿ? ನೋವು ಕಡಿಮೆಯಾಯಿತೆಂದು ನಾನು ಓಡಾಡಲು ಹೊರಟಾಗಲೆಲ್ಲ ತಡೆದರು. ಮೊದಲು ವಿಶ್ರಾಂತಿ, ಚಪ್ಪಲಿಯೊಳಗೆ ಹಿಮ್ಮಡಿಯನ್ನು ಎತ್ತರಿಸುವ ಮೆತ್ತೆ, ಆಮೇಲೆ ಗೋಡೆ ಹಿಡಿದು ನಿಧಾನವಾಗಿ ಕಾಲನ್ನು ಬಲಪಡಿಸುವ ವ್ಯಾಯಾಮ. ರಜ್ಜು ಹರಿಯದೆ ಉಳಿಯಿತು.

ನೀರುದೋಸೆ ಹೊತ್ತು ತಂದ ಮಾಟುಂಗಾದ ಗೆಳತಿಯರೇ, ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಕೇಳದೆಯೇ ಎದ್ದು ಜಾಗ ಬಿಟ್ಟ ಅಕ್ಕತಂಗಿಯರೇ, ಬಚ್ಚಲಿಗೆ ಹೋಗುವಾಗಲೂ ಹಿಂದೆಯೇ ಬಂದ ನನ್ನ ಸೊಸೆಯೇ, ನಿಮ್ಮ ಋಣ ದೊಡ್ಡದು. ಅಂಗಡಿಯ ಹುಡುಗನ ಅಮ್ಮನಿಗೆ ನಾಳೆ ಹೋಳಿಗೆ ಕಟ್ಟಿಕೊಂಡು ಹೋಗುತ್ತಿದ್ದೇನೆ. ಮಗನನ್ನು ಹೀಗೆ ಬೆಳೆಸಿದ್ದಕ್ಕೆ ಅವರಿಗೂ ನನ್ನ ವಂದನೆ ಸಲ್ಲಬೇಕು.